ಕೃತಕ ಹುಲ್ಲುಹಾಸಿನ ಕ್ರೀಡಾಂಗಣ: ಸರಕಿನ ತಿಳಿವಳಿಕೆ, ವ್ಯವಹಾರದ ಲೆಕ್ಕ

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಛಾವಣಿಯುಳ್ಳ ಬೃಹತ್ ಕ್ರೀಡಾಂಗಣ ಆರಂಭವಾಯಿತು. ಬೇಸ್‌ಬಾಲ್ ಆಟಕ್ಕಾಗಿ ಅದರೊಳಗೆ ನಿಜವಾದ ಹುಲ್ಲನ್ನೇ ಬೆಳೆಸಿ, ಬೆಳಕು ಬರಲೆಂದು ಛಾವಣಿಗೆ ಪಾರದರ್ಶಕ ಫಲಕಗಳನ್ನು ಅಳವಡಿಸಲಾಗಿತ್ತು. ಆದರೆ ಮೇಲಕ್ಕೆ ಹಾರಿದ ಚೆಂಡು ಬಿಸಿಲಿನ ಪ್ರಖರತೆಯಲ್ಲಿ ಆಟಗಾರರಿಗೆ ಕಾಣಿಸುತ್ತಿರಲಿಲ್ಲ. ಫಲಕಗಳಿಗೆ ಬಣ್ಣ ಬಳಿದದ್ದರಿಂದ ಚೆಂಡು ಕಾಣಿಸಿತು. ಆದರೆ ಹುಲ್ಲು ಸತ್ತಿತು. ಈ ಇಕ್ಕಟ್ಟಿನಿಂದ ಪಾರಾಗಲು 1966ರಲ್ಲಿ ಮಾನ್ಸಾಂಟೊ ಕಂಪನಿಯ ನೈಲಾನ್ ಹಾಸನ್ನು ಅಲ್ಲಿ ಹಾಸಲಾಯಿತು. ಅದೇ ಸರಕು ಅದಕ್ಕೂ ಎರಡು ವರ್ಷ ಮೊದಲೇ, 1964ರಲ್ಲಿ, ರೋಡ್ ಐಲೆಂಡ್ ರಾಜ್ಯದ ಒಂದು ಶಾಲೆಯಲ್ಲಿ ಬಳಕೆಗೆ ಬಂದಿತ್ತು; ಆಗ ಅದರ ಹೆಸರು ಕೆಮ್‌ಗ್ರಾಸ್. ಆಸ್ಟ್ರೋಡೋಮ್ ಸೇರಿದ ಮೇಲೆ ಅದು ಆಸ್ಟ್ರೋಟರ್ಫ್ ಆಯಿತು. ವನಸ್ಪತಿ ತುಪ್ಪಕ್ಕೆಲ್ಲ ಡಾಲ್ಡಾ ಎನ್ನುವಂತೆ, ಒಂದು ಕಂಪನಿಯ ಈ ವ್ಯಾಪಾರನಾಮವೇ ಇಂದಿಗೂ ಕೊಡಗಿನಿಂದ ಕಲಬುರಗಿಯವರೆಗೆ ಎಲ್ಲ ಕೃತಕ ಹಾಕಿ ಅಂಕಣಗಳಿಗೆ ರೂಢಿಯ ಹೆಸರಾಗಿದೆ.

ಹೀಗೆ ಹುಲ್ಲು ಬೆಳೆಯದ ಕಡೆಗೆಂದು ಹುಟ್ಟಿದ ಸರಕು ಇಂದು ಹುಲ್ಲು ಬೆಳೆಯಬಲ್ಲ ಕಡೆಗೂ ವ್ಯಾಪಿಸಿದೆ. ಬೆಂಗಳೂರಿನ ಬಡಾವಣೆಗಳಲ್ಲಿ, ಹುಬ್ಬಳ್ಳಿ, ಮಂಗಳೂರು, ಮೈಸೂರುಗಳಂಥ ನಗರಗಳಲ್ಲಿ ಖಾಲಿ ನಿವೇಶನವನ್ನು ಗುತ್ತಿಗೆಗೆ ಪಡೆದು, ಬಲೆ ಕಟ್ಟಿ, ದೀಪ ಹಾಕಿ, ಗಂಟೆಯ ಬಾಡಿಗೆಗೆ ನೀಡುವ ಬಾಕ್ಸ್ ಕ್ರಿಕೆಟ್ ಮತ್ತು ಕಾಲ್ಚೆಂಡಿನ ಅಂಗಳಗಳು ಸಣ್ಣ ಹೂಡಿಕೆದಾರರ ಉದ್ಯಮವಾಗಿ ಬೆಳೆದಿವೆ. ಶಾಲೆಗಳೂ ವಸತಿ ಸಮುಚ್ಚಯಗಳೂ ಗಿರಾಕಿಗಳಾಗಿವೆ. ಆದರೆ ಈ ಸರಕಿನ ವ್ಯಾಪಾರ ಬಹುಪಾಲು ಒಂದೇ ಪ್ರಶ್ನೆಯ ಮೇಲೆ ನಡೆಯುತ್ತಿದೆ: ಎಷ್ಟು ಮಿಲಿಮೀಟರ್ ಎತ್ತರ, ಚದರ ಅಡಿಗೆ ಎಷ್ಟು ದರ? ಲಾಭನಷ್ಟ ನಿರ್ಧಾರವಾಗುವುದು ಮಾತ್ರ ಈ ಪ್ರಶ್ನೆಯ ಹೊರಗೆ, ಅಂದರೆ ಕಣ್ಣಿಗೆ ಕಾಣುವ ಹಸಿರಿನ ಕೆಳಗಿರುವ ಪದರಗಳಲ್ಲಿ ಮತ್ತು ಹಾಸಿದ ನಂತರದ ವರ್ಷಗಳಲ್ಲಿ.

ಆಟ ಬೇರೆ, ಹಾಸು ಬೇರೆ

ಮೊದಲ ತಲೆಮಾರಿನ ಹಾಸು ಗಿಡ್ಡ ನೈಲಾನ್ ಎಳೆಗಳದು, ಕಾರ್ಪೆಟ್ಟಿನ ಜಾತಿಯದು. ಎರಡನೆಯ ತಲೆಮಾರಿನಲ್ಲಿ ಎಳೆಗಳ ನಡುವೆ ಮರಳು ತುಂಬುವ ಪದ್ಧತಿ ಬಂದಿತು. ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಫುಟ್‌ಬಾಲ್ ತಂಡ 1981ರಲ್ಲಿ ಕೃತಕ ಅಂಕಣ ಹಾಕಿಸಿ, ಚೆಂಡು ಅತಿಯಾಗಿ ಪುಟಿಯುತ್ತದೆ, ಬಿದ್ದವರ ಚರ್ಮ ಸುಲಿಯುತ್ತದೆ ಎಂಬ ದೂರುಗಳ ನಡುವೆ 1988ರಲ್ಲಿ ಅದನ್ನು ಕಿತ್ತುಹಾಕಿತು. ಮೂರನೆಯ ತಲೆಮಾರು 1990ರ ದಶಕದ್ದು: 40ರಿಂದ 60 ಮಿಲಿಮೀಟರಿನಷ್ಟು ಉದ್ದನೆಯ ಮೃದುವಾದ ಪಾಲಿಎಥಿಲೀನ್ ಎಳೆಗಳು, ಅವುಗಳ ನಡುವೆ ತಳದಲ್ಲಿ ಮರಳು, ಮೇಲೆ ರಬ್ಬರ್ ಕಾಳು. ಇಂದು ಫುಟ್‌ಬಾಲ್ ಅಂಕಣವೆಂದರೆ ಸಾಮಾನ್ಯವಾಗಿ ಇದೇ. ಬೆಂಗಳೂರು ಎಫ್‌ಸಿ ತಂಡವು ತನ್ನ ಮೊದಲ ಐ-ಲೀಗ್ ಋತುವಿನ (2013-14) ತವರು ಪಂದ್ಯಗಳನ್ನು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹಾಸಿನ ಮೇಲೆಯೇ ಆಡಿ ಪ್ರಶಸ್ತಿ ಗೆದ್ದಿತು.

ಹಾಕಿಯ ಹಾದಿ ಬೇರೆ. ಭಾರತ 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದದ್ದು ನಿಜವಾದ ಹುಲ್ಲಿನ ಮೇಲೆ. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ನಡೆದಾಗ ಭಾರತಕ್ಕೆ ಏಳನೆಯ ಸ್ಥಾನ. ಸೋಲಿನ ಹೊಣೆಯನ್ನೆಲ್ಲ ಹಾಸಿನ ಮೇಲೆ ಹೊರಿಸುವುದು ಸರಿಯಲ್ಲ. 1980ರಲ್ಲಿ ಮಾಸ್ಕೋದ ಚಿನ್ನವೂ ಕೃತಕ ಹಾಸಿನ ಮೇಲೆಯೇ ಬಂದಿತು. ಆದರೆ ಅಭ್ಯಾಸಕ್ಕೆ ಅಂಥ ಅಂಕಣವಿಲ್ಲದ ದೇಶ ಹಿಂದುಳಿಯಿತೆಂಬುದರಲ್ಲಿ ಅನುಮಾನವಿಲ್ಲ. ಹಾಕಿಯ ಹಾಸು ಗಿಡ್ಡ, ಬಲು ದಟ್ಟ. ಉನ್ನತ ದರ್ಜೆಯ ಅಂಕಣಕ್ಕೆ ಮರಳೂ ಇಲ್ಲ, ರಬ್ಬರೂ ಇಲ್ಲ, ಬದಲಿಗೆ ನೀರು ಚಿಮುಕಿಸಿ ಆಡುತ್ತಾರೆ. ಫುಟ್‌ಬಾಲಿನ ಉದ್ದ ಎಳೆಯ ಹಾಸಿನ ಮೇಲೆ ಹಾಕಿ ಚೆಂಡು ಉರುಳದು. ಹಾಕಿಯ ಹಾಸಿನ ಮೇಲೆ ಫುಟ್‌ಬಾಲ್ ಆಟಗಾರನ ಮಂಡಿ ಉಳಿಯದು. ಒಂದೇ ಅಂಗಳದಲ್ಲಿ ಎಲ್ಲ ಆಟವೂ ಆಗಬೇಕೆಂದು ಕೇಳುವ ಶಾಲೆಗೆ ಈ ಮಾತನ್ನು ದರಪಟ್ಟಿ ಕೊಡುವ ಮೊದಲೇ ಹೇಳುವುದು ಮಾರಾಟಗಾರನಿಗೂ ಕ್ಷೇಮ. ಇನ್ನು ಬಾಲ್ಕನಿಯ ಅಲಂಕಾರಕ್ಕೆಂದು ನೇಯ್ದ ತೆಳು ಹಾಸನ್ನು ಆಟದ ಅಂಗಳಕ್ಕೆ ಹಾಸಿಕೊಡುವವರೂ ಇದ್ದಾರೆ. ದರ ಕಡಿಮೆ, ಬಾಳಿಕೆ ಇನ್ನೂ ಕಡಿಮೆ.

ಎತ್ತರವಲ್ಲ, ತೂಕ

ಪಾಲಿಎಥಿಲೀನ್ ಹರಳನ್ನು ಕರಗಿಸಿ, ಬಣ್ಣ ಮತ್ತು ಬಿಸಿಲು ನಿರೋಧಕ ಬೆರೆಸಿದ ಮಾಸ್ಟರ್‌ಬ್ಯಾಚ್ ಸೇರಿಸಿ ಎಳೆ ತೆಗೆಯುತ್ತಾರೆ. ಒಂದೊಂದೇ ಎಳೆಯಾಗಿ ಬರುವುದು ಮೊನೊಫಿಲಮೆಂಟ್. ಪಟ್ಟಿಯನ್ನು ಸೀಳಿ ಮಾಡಿದ್ದು ಫಿಬ್ರಿಲೇಟೆಡ್. ಈ ನೂಲನ್ನು ಪಾಲಿಪ್ರೊಪಿಲೀನ್ ಬಟ್ಟೆಗೆ ಟಫ್ಟಿಂಗ್ ಯಂತ್ರದಲ್ಲಿ ಹೊಲಿದು, ಹಿಂಬದಿಗೆ ಲೇಟೆಕ್ಸ್ ಅಥವಾ ಪಾಲಿಯುರಿಥೇನ್ ಲೇಪಿಸಿ, ನೀರು ಇಳಿಯಲು ರಂಧ್ರ ಕೊರೆದು, ಸಾಮಾನ್ಯವಾಗಿ ನಾಲ್ಕು ಮೀಟರ್ ಅಗಲದ ಸುರುಳಿಗಳಾಗಿ ಮಾರುತ್ತಾರೆ.

ನೂಲಿನ ದಪ್ಪವನ್ನು ಡಿಟೆಕ್ಸ್ ಎಂಬ ಮಾನದಿಂದ ಹೇಳುವುದು ರೂಢಿ. ಹತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡಿಟೆಕ್ಸ್. ಆದರೆ ಕೇವಲ ಎತ್ತರ ಮತ್ತು ಡಿಟೆಕ್ಸ್ ತಿಳಿದರೆ ಸರಕು ತಿಳಿದಂತಾಗದು. ಒಂದು ಚದರ ಮೀಟರಿಗೆ ಎಷ್ಟು ಹೊಲಿಗೆ ಎಂಬುದು ಮುಖ್ಯ. ಉದಾಹರಣೆಗೆ, 50 ಮಿಲಿಮೀಟರ್ ಎತ್ತರದ, 12,000 ಡಿಟೆಕ್ಸ್ ನೂಲಿನ ಎರಡು ಹಾಸುಗಳನ್ನು ತೆಗೆದುಕೊಳ್ಳಬಹುದು. ಒಂದರಲ್ಲಿ ಸಾಲುಗಳ ನಡುವಿನ ಅಂತರ ಅಂಗುಲದ ಎಂಟನೇ ಮೂರು ಭಾಗ, ಇನ್ನೊಂದರಲ್ಲಿ ಎಂಟನೇ ಐದು ಭಾಗ. ಎರಡರಲ್ಲಿಯೂ ಹತ್ತು ಸೆಂಟಿಮೀಟರಿಗೆ 16 ಹೊಲಿಗೆ. ಮೊದಲನೆಯದರಲ್ಲಿ ಮೀಟರಿಗೆ ಸುಮಾರು 105 ಸಾಲು, ಚದರ ಮೀಟರಿಗೆ 16,800 ಹೊಲಿಗೆ. ಎರಡನೆಯದರಲ್ಲಿ 63 ಸಾಲು, 10,080 ಹೊಲಿಗೆ. ಪ್ರತಿ ಹೊಲಿಗೆಗೂ ಎರಡು ಕಾಲು, ಅಂದರೆ ಹತ್ತು ಸೆಂಟಿಮೀಟರ್ ನೂಲು ಎಂದು ಗುಣಿಸಿದರೆ, ಮೊದಲನೆಯದರ ನೂಲಿನ ತೂಕ ಚದರ ಮೀಟರಿಗೆ ಸುಮಾರು 2,016 ಗ್ರಾಂ, ಎರಡನೆಯದರದು 1,210 ಗ್ರಾಂ. ದರಪಟ್ಟಿಯಲ್ಲಿ ಎರಡಕ್ಕೂ 'ಐವತ್ತು ಮಿಲಿಮೀಟರ್ ಫುಟ್‌ಬಾಲ್ ಹಾಸು' ಎಂದೇ ಬರೆದಿರುತ್ತದೆ. ನೂಲು ಮಾತ್ರ ಶೇಕಡಾ 40ರಷ್ಟು ಕಡಿಮೆ.

ಅಂತರ ಹೆಚ್ಚಿದ್ದದ್ದೆಲ್ಲ ಕಳಪೆಯೆಂದು ಇದರ ಅರ್ಥವಲ್ಲ. ರಬ್ಬರ್ ಕಾಳು ಹೆಚ್ಚಾಗಿ ತುಂಬುವ ಹಾಸಿಗೆ ಸಾಲುಗಳ ನಡುವೆ ಜಾಗ ಬೇಕೇ ಬೇಕು. ಆದರೆ ಎರಡು ದರಗಳನ್ನು ಹೋಲಿಸುವವರು ಎರಡು ತೂಕಗಳನ್ನೂ ಹೋಲಿಸಬೇಕು. ಮಾದರಿ ತುಂಡನ್ನು ಅಳೆದು, ಹೊಲಿಗೆ ಎಣಿಸಿ, ತಕ್ಕಡಿಯಲ್ಲಿ ತೂಗಿದರೆ ಅರ್ಧ ಗಂಟೆಯ ಕೆಲಸ. ಸರಕು ಇಳಿದ ದಿನ ಸುರುಳಿಯ ಅಂಚಿನಿಂದ ಇನ್ನೊಂದು ತುಂಡು ಕತ್ತರಿಸಿ ಅದೇ ಪರೀಕ್ಷೆ ಮಾಡಿದರೆ ಮಾದರಿಯೂ ಸರಕೂ ಒಂದೇ ಹೌದೋ ಅಲ್ಲವೋ ತಿಳಿಯುತ್ತದೆ.

ತಕ್ಕಡಿಗೆ ಸಿಗದ ಗುಣವೆಂದರೆ ಬಿಸಿಲಿನ ತಾಳಿಕೆ. ನಿರೋಧಕ ಕಡಿಮೆ ಬೆರೆಸಿದ ನೂಲು ಹೊಸದರಲ್ಲಿ ಒಳ್ಳೆಯ ನೂಲಿನಂತೆಯೇ ಹೊಳೆಯುತ್ತದೆ. ಕೆಲವು ಬೇಸಿಗೆ ಕಳೆದ ಮೇಲೆ ಬಣ್ಣ ಮಾಸಿ, ಎಳೆ ಗರಿಗರಿಯಾಗಿ ಮುರಿದು ಪುಡಿಯಾಗುತ್ತದೆ. ಆದ್ದರಿಂದ ಕೃತಕ ಬಿಸಿಲಿನ ಪರೀಕ್ಷೆಯ ವರದಿಯನ್ನು ಕೇಳಬೇಕು. ಆ ವರದಿ ಸರಬರಾಜಾಗುವ ನೂಲಿನದೇ ಹೌದೇ ಎಂಬುದನ್ನೂ ನೋಡಬೇಕು. ಬಣ್ಣದ ವಿಷಯದಲ್ಲಿಯೂ ಎಚ್ಚರ ಅಗತ್ಯ. ನ್ಯೂಜೆರ್ಸಿಯಲ್ಲಿ 2008ರಲ್ಲಿ ಹಳೆಯ ನೈಲಾನ್ ಅಂಕಣಗಳ ಬಣ್ಣದಲ್ಲಿ ಸೀಸ ಕಂಡುಬಂದು ಕೆಲವು ಮೈದಾನಗಳನ್ನು ಮುಚ್ಚಬೇಕಾಯಿತು. ಸೀಸರಹಿತ ಬಣ್ಣವೆಂಬ ಲಿಖಿತ ದೃಢೀಕರಣ ಕೇಳುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

'ಫಿಫಾ ಅನುಮೋದಿತ ಹುಲ್ಲು' ಎಂಬ ಜಾಹೀರಾತಿನ ಮಾತಿಗೂ ಇಲ್ಲಿಯೇ ಉತ್ತರಿಸಬೇಕು. ಫಿಫಾ ಸಂಸ್ಥೆಯ ಗುಣಮಟ್ಟ ಯೋಜನೆ 2001ರಿಂದ ನಡೆದುಬಂದಿದೆ. ಈಗ ಅದರಲ್ಲಿ ಕ್ವಾಲಿಟಿ ಮತ್ತು ಕ್ವಾಲಿಟಿ ಪ್ರೊ ಎಂಬ ಎರಡು ದರ್ಜೆಗಳಿವೆ. ಹಾಸು ಮೊದಲು ಪ್ರಯೋಗಾಲಯದಲ್ಲಿ ಉತ್ತೀರ್ಣವಾಗಬೇಕು ಎಂಬುದು ನಿಜ. ಆದರೆ ಪ್ರಮಾಣಪತ್ರ ಸಿಗುವುದು ಸುರುಳಿಗಲ್ಲ, ಹಾಸಿ ಮುಗಿಸಿದ ಅಂಕಣಕ್ಕೆ. ಆಘಾತ ಹೀರುವಿಕೆ, ಚೆಂಡಿನ ಪುಟಿತ, ಚೆಂಡು ಉರುಳುವ ದೂರ ಮುಂತಾದವನ್ನು ಆ ನೆಲದ ಮೇಲೆಯೇ ಅಳೆದ ನಂತರ ಅದನ್ನು ನೀಡುತ್ತಾರೆ, ಅದಕ್ಕೂ ಅವಧಿಯ ಮಿತಿ ಇದೆ. ಒಳ್ಳೆಯ ಹಾಸನ್ನು ಕೆಟ್ಟ ತಳಪಾಯದ ಮೇಲೆ ಹಾಸಿದರೆ ಯಾವ ಅನುಮೋದನೆಯೂ ಉಳಿಯದು. ಟೆಂಡರಿನಲ್ಲಿ ಈ ಪದ ಬಳಸುವ ಸಂಸ್ಥೆಗಳೂ ತಮಗೆ ಬೇಕಾದದ್ದು ಪ್ರಯೋಗಾಲಯದ ವರದಿಯೋ ಅಂಕಣದ ಪ್ರಮಾಣಪತ್ರವೋ ಎಂದು ಸ್ಪಷ್ಟಪಡಿಸದಿದ್ದರೆ, ಕೊನೆಯ ಬಿಲ್ಲಿನ ಹೊತ್ತಿಗೆ ತಕರಾರು ಖಂಡಿತ.

ನೆಲದೊಳಗಿನ ಕೆಲಸ

ಹಾಸಿನ ಕೆಳಗೆ ಗಟ್ಟಿಗೊಳಿಸಿದ ಮಣ್ಣು, ಅದರ ಮೇಲೆ ಜಲ್ಲಿಯ ಪದರಗಳು, ಬದಿಯಲ್ಲಿ ನೀರು ಹೋಗುವ ಚರಂಡಿ, ಅಗತ್ಯವಿದ್ದರೆ ಶಾಕ್ ಪ್ಯಾಡ್. ಇಳಿಜಾರು ಸಾಮಾನ್ಯವಾಗಿ ಶೇಕಡಾ ಒಂದನ್ನು ಮೀರಬಾರದು. ಫುಟ್‌ಬಾಲ್ ಅಂಕಣದ ಅಗಲ 68 ಮೀಟರ್. ನಡುವಿನಿಂದ ಎರಡೂ ಬದಿಗೆ ಅರ್ಧ ಶೇಕಡಾ ಇಳಿಜಾರು ಕೊಟ್ಟರೆ ಅಂಚಿನ ನೆಲ ನಡುವಿಗಿಂತ 17 ಸೆಂಟಿಮೀಟರ್ ಕೆಳಗಿರಬೇಕು. ಇಷ್ಟು ಅಂತರವನ್ನು ಇಷ್ಟು ದೂರದಲ್ಲಿ ಸಮವಾಗಿ ಹಂಚುವುದು ಕಣ್ಣಳತೆಯ ಕೆಲಸವಲ್ಲ.

ಕರ್ನಾಟಕದಲ್ಲಿ ಈ ಕೆಲಸ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ವಿಜಯಪುರ, ಗದಗ, ಕಲಬುರಗಿ ಕಡೆಯ ಎರೆ ಮಣ್ಣು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದನ್ನು ಸಾಕಷ್ಟು ಆಳಕ್ಕೆ ತೆಗೆದು ಗರಸು ತುಂಬದೆ ಹಾಸಿದರೆ, ಮೇಲಿನ ಹಸಿರು ಹೊಸದಿರುವಾಗಲೇ ನೆಲ ಅಲೆಅಲೆಯಾಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿ ಚರಂಡಿಯ ಲೆಕ್ಕ ತಪ್ಪಿದರೆ ಮಳೆಗಾಲದುದ್ದಕ್ಕೂ ರಬ್ಬರ್ ಕಾಳು ತೇಲಿ ಮೂಲೆ ಸೇರುತ್ತದೆ. ಹಾಸು ಎಲ್ಲಿಂದ ಬಂದದ್ದಾದರೂ ಈ ಕೆಲಸ ಸ್ಥಳೀಯರದ್ದೇ. ಆದರೂ ದರ ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ, ಏಕೆಂದರೆ ಉದ್ಘಾಟನೆಯ ದಿನ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಸನ್ನು ಹತ್ತು ವರ್ಷಕ್ಕೊಮ್ಮೆ ಬದಲಿಸಬಹುದು. ತಳಪಾಯ ಸರಿಯಿದ್ದರೆ ಎರಡು ಮೂರು ಹಾಸುಗಳನ್ನು ಹೊರುತ್ತದೆ. ಗುತ್ತಿಗೆದಾರರು ತಳಪಾಯಕ್ಕೂ ಹಾಸಿಗೂ ಬೇರೆ ಬೇರೆ ಬಿಲ್ಲು, ಬೇರೆ ಬೇರೆ ಖಾತರಿ ನೀಡುವ ಪದ್ಧತಿ ಬಂದರೆ ಇಬ್ಬರಿಗೂ ಅನುಕೂಲ.

ರಬ್ಬರ್ ಕಾಳಿನ ಭವಿಷ್ಯ

ಸಣ್ಣ ತಯಾರಕರು ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಪೂರ್ಣ ಅಳತೆಯ ಒಂದು ಫುಟ್‌ಬಾಲ್ ಅಂಕಣಕ್ಕೆ ರಬ್ಬರ್ ಕಾಳು ಸುಮಾರು 100 ಟನ್ ಹಿಡಿಸುತ್ತದೆ. ಹಳೆಯ ಟೈರ್ ಅರೆದು, ಉಕ್ಕಿನ ತಂತಿ ಮತ್ತು ಬಟ್ಟೆ ಬೇರ್ಪಡಿಸಿ, ಜರಡಿ ಹಿಡಿದು ಈ ಕಾಳನ್ನು ತಯಾರಿಸುತ್ತಾರೆ. ಭಾರತದಲ್ಲಿ 2022ರ ಜುಲೈನಲ್ಲಿ ಬಂದ ನಿಯಮದಂತೆ ಟೈರ್ ತಯಾರಕರು ಮತ್ತು ಆಮದುದಾರರು ಹಳೆಯ ಟೈರುಗಳ ಮರುಬಳಕೆಯ ಹೊಣೆ ಹೊರಬೇಕಾಗಿದೆ. ನೋಂದಾಯಿತ ಮರುಬಳಕೆ ಘಟಕಗಳಿಂದ ಅವರು ಪ್ರಮಾಣಪತ್ರ ಕೊಳ್ಳಬೇಕು. ರಬ್ಬರ್ ಕಾಳು ಮಾಡುವ ಘಟಕಕ್ಕೆ ಇದು ಸರಕಿನ ಬೆಲೆಯ ಜೊತೆಗೆ ಇನ್ನೊಂದು ಆದಾಯ.

ಆದರೆ ರಫ್ತಿನ ಬಾಗಿಲು ಕಿರಿದಾಗುತ್ತಿದೆ. ಅಂಕಣದಿಂದ ಕಾಳು ಆಟಗಾರರ ಬೂಟು, ಮಳೆನೀರು, ಗಾಳಿಗಳೊಂದಿಗೆ ಹೊರಗೆ ಹರಡುತ್ತದೆ. ಐರೋಪ್ಯ ರಾಸಾಯನಿಕ ಸಂಸ್ಥೆಯು ಈ ಸೋರಿಕೆಯನ್ನು ವರ್ಷಕ್ಕೆ 16,000 ಟನ್‌ವರೆಗೆ ಎಂದು ಅಂದಾಜಿಸಿತು. ಇದರ ಆಧಾರದ ಮೇಲೆ ಐರೋಪ್ಯ ಒಕ್ಕೂಟ 2023ರ ಸೆಪ್ಟೆಂಬರಿನಲ್ಲಿ ಐದು ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಮತ್ತು ರಬ್ಬರ್ ಕಣಗಳ ಮಾರಾಟವನ್ನು ನಿರ್ಬಂಧಿಸಿತು. ಕ್ರೀಡಾಂಗಣದ ಕಾಳಿಗೆ ಎಂಟು ವರ್ಷಗಳ ಕಾಲಾವಕಾಶವಿದ್ದು, ಅದು 2031ರ ಅಕ್ಟೋಬರ್ 17ಕ್ಕೆ ಮುಗಿಯುತ್ತದೆ. ಇದಕ್ಕೂ ಮೊದಲೇ, 2022ರ ಆಗಸ್ಟ್‌ನಿಂದ, ಟೈರ್ ಕಾಳಿನಲ್ಲಿರುವ ಎಂಟು ಬಗೆಯ ಹಾನಿಕರ ಹೈಡ್ರೋಕಾರ್ಬನ್‌ಗಳ ಒಟ್ಟು ಪ್ರಮಾಣಕ್ಕೆ ಅಲ್ಲಿ ಕಿಲೋಗೆ 20 ಮಿಲಿಗ್ರಾಂ ಮಿತಿ ಜಾರಿಯಲ್ಲಿದೆ. ಅಮೆರಿಕದ ಸರ್ಕಾರಿ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನವು, ಟೈರ್ ಕಾಳಿನಲ್ಲಿ ರಾಸಾಯನಿಕಗಳಿದ್ದರೂ ಆಟಗಾರರ ದೇಹ ಸೇರುವ ಪ್ರಮಾಣ ಸೀಮಿತವೆಂದು ತೋರುತ್ತದೆ ಎಂದಿತು. ಇದನ್ನು ಅಪಾಯದ ಅಂತಿಮ ಅಳತೆಯೆಂದು ತಿಳಿಯಬಾರದೆಂದೂ ಹೇಳಿತು. ಐರೋಪ್ಯ ನಿಷೇಧಕ್ಕೆ ಮುಖ್ಯ ಕಾರಣ ಆಟಗಾರರ ಆರೋಗ್ಯವಲ್ಲ, ಕಣಗಳ ಹರಡುವಿಕೆ ಎಂಬುದನ್ನು ಮರೆಯಬಾರದು. ಅಂದಮೇಲೆ ಶುದ್ಧವಾದ ಹೊಸ ರಬ್ಬರಿನಿಂದ ಕಾಳು ಮಾಡಿದರೂ ಆ ಮಾರುಕಟ್ಟೆಯಲ್ಲಿ ಉಳಿಗಾಲವಿಲ್ಲ. ಐರೋಪ್ಯ ಗಿರಾಕಿಯನ್ನೇ ನಂಬಿ ಹೊಸ ಯಂತ್ರಕ್ಕೆ ಸಾಲ ಮಾಡುವವರು ಸಾಲದ ಕೊನೆಯ ಕಂತನ್ನೂ ಆ ದಿನಾಂಕವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಬದಲಿ ವಸ್ತುಗಳಾಗಿ ಕಾರ್ಕ್, ತೆಂಗಿನ ನಾರು ಮತ್ತು ಇತರ ಸಸ್ಯಜನ್ಯ ಕಾಳುಗಳು ಯೂರೋಪಿನಲ್ಲಿ ಈಗಾಗಲೇ ಬಳಕೆಯಲ್ಲಿವೆ. ತಿಪಟೂರು, ಅರಸೀಕೆರೆ ಸೀಮೆಯ ನಾರಿನ ಘಟಕಗಳಿಗೆ ಇದು ಅರಿಯಬೇಕಾದ ಸುದ್ದಿ. ನಾರು ತೇವ ಹಿಡಿದಿಟ್ಟು ಅಂಕಣವನ್ನು ತಂಪಾಗಿಸುತ್ತದೆ, ದೋಷಗಳೂ ಇವೆ. ಪೂರ್ತಿ ಒಣಗಿದರೆ ಧೂಳಾಗುತ್ತದೆ, ಜೋರು ಮಳೆಗೆ ತೇಲುತ್ತದೆ, ಕಾಲಕ್ರಮದಲ್ಲಿ ಕೊಳೆತು ಕುಗ್ಗುವುದರಿಂದ ಮತ್ತೆ ಮತ್ತೆ ತುಂಬಬೇಕು. ಹೀಗಾಗಿ ಕರಾವಳಿಯ ಅಂಗಳಕ್ಕಿಂತ ಒಣ ಹವೆಯ ದೇಶದ ಗಿರಾಕಿಗೆ ಇದು ಹೆಚ್ಚು ಒಗ್ಗುತ್ತದೆ. ಕಾಳಿನ ಗಾತ್ರ, ತೇವಾಂಶ, ಉಪ್ಪಿನಂಶಗಳಲ್ಲಿ ಏಕರೂಪತೆ ಇಲ್ಲದ ಸರಕನ್ನು ಕ್ರೀಡಾಂಗಣದವರು ಮುಟ್ಟುವುದಿಲ್ಲ. ಹಾಸಿಗೆಗೆ ನಾರು ಮಾರಿದಂತೆ ಇದನ್ನು ಮಾರಲಾಗದು.

ಕಾಳೇ ಬೇಡದ, ಎಳೆಗಳನ್ನೇ ದಟ್ಟವಾಗಿಸಿ ಕೆಳಗೆ ಶಾಕ್ ಪ್ಯಾಡ್ ಹಾಕುವ ಹಾಸುಗಳೂ ಬರುತ್ತಿವೆ. ಅವು ವ್ಯಾಪಕವಾದರೆ ನೂಲಿನವರಿಗೆ ಲಾಭ, ಕಾಳಿನವರಿಗೆ ನಷ್ಟ.

ಬಿಸಿ ಮತ್ತು ನೀರು

ಬೇಸಿಗೆಯ ಮಧ್ಯಾಹ್ನ ಕೃತಕ ಹಾಸಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ನೀರು ಹಾಯಿಸಿದರೂ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕಾಯುತ್ತದೆ. ಬಾಡಿಗೆ ಅಂಗಳಗಳ ಗಿರಾಕಿ ಮುಂಜಾನೆ ಮತ್ತು ಇಳಿಹೊತ್ತಿನಲ್ಲಿ ಬರುವುದಕ್ಕೆ ಕಚೇರಿ ಸಮಯವೊಂದೇ ಕಾರಣವಲ್ಲ. ಶಾಲೆಗಳಾದರೋ ಆಟದ ಪಿರಿಯಡ್ಡನ್ನು ಹನ್ನೆರಡು ಗಂಟೆಗೆ ಇಡುವ ಮೊದಲು ಯೋಚಿಸಬೇಕು. ಹಾಕಿ ಅಂಕಣದ ಅಳತೆ ಬದಿಯ ಜಾಗವೂ ಸೇರಿ ಸುಮಾರು 6,400 ಚದರ ಮೀಟರ್. ಅದರ ಮೇಲೆ ಮೂರು ಮಿಲಿಮೀಟರ್ ನೀರು ನಿಲ್ಲುವಷ್ಟು ಹಾಯಿಸಿದರೂ 19,000 ಲೀಟರ್ ಬೇಕು. ಬೆಂಗಳೂರು 2024ರ ಬೇಸಿಗೆಯಲ್ಲಿ ಕಂಡ ನೀರಿನ ಅಭಾವವನ್ನು ನೆನೆದರೆ, ಅಂತರರಾಷ್ಟ್ರೀಯ ಹಾಕಿ ಒಕ್ಕೂಟ ನೀರು ಬೇಡದ ಅಂಕಣಗಳತ್ತ ಒಲವು ತೋರಿರುವುದು ಇಲ್ಲಿನವರಿಗೂ ಒಳ್ಳೆಯ ಸುದ್ದಿ. ಪ್ಯಾರಿಸ್ 2024ರ ಒಲಿಂಪಿಕ್ಸ್ ಹಾಕಿಗೆ ಹಾಸಿದ ನೂಲಿನಲ್ಲಿ ಕಬ್ಬಿನ ಮೂಲದ ಪಾಲಿಎಥಿಲೀನ್ ಬಳಸಲಾಗಿತ್ತು.

ಬಾಡಿಗೆ ಅಂಗಳದ ಲೆಕ್ಕ

ಗುತ್ತಿಗೆ ಭೂಮಿಯಲ್ಲಿ 100 ಅಡಿಗೆ 60 ಅಡಿಯ ಅಂಗಳ ಮಾಡುವ ಉದ್ಯಮಿ 6,000 ಚದರ ಅಡಿ, ಎಂದರೆ ಸುಮಾರು 557 ಚದರ ಮೀಟರ್ ಹಾಸು ಕೊಳ್ಳುತ್ತಾನೆ. ಗುತ್ತಿಗೆ ಮುಗಿದಾಗ ಹಾಸು, ಬಲೆ, ದೀಪಗಳನ್ನು ಕಿತ್ತೊಯ್ಯಬಹುದು. ತಳಪಾಯ ಭೂಮಾಲೀಕನದಾಗಿ ಉಳಿಯುತ್ತದೆ. ಆದ್ದರಿಂದ ತಳಪಾಯದ ಪೂರ್ತಿ ವೆಚ್ಚವನ್ನು ಗುತ್ತಿಗೆಯ ವರ್ಷಗಳೊಳಗೇ ಹಂಚಬೇಕು, ಹಾಸಿನ ವೆಚ್ಚವನ್ನು ಅದರ ಬಾಳಿಕೆಯ ವರ್ಷಗಳಿಗೆ ಹಂಚಬೇಕು. ದಿನಕ್ಕೆ ಎಂಟು ಹತ್ತು ಗಂಟೆ ಓಡುವ ಬಾಡಿಗೆ ಅಂಗಳದ ಹಾಸು ಶಾಲೆಯ ಹಾಸಿನಷ್ಟು ವರ್ಷ ಬಾಳದು. ಬೌಲಿಂಗ್ ಕ್ರೀಸು ಮತ್ತು ಗೋಲಿನ ಮುಂಭಾಗ ಎಲ್ಲಕ್ಕಿಂತ ಮೊದಲು ಸವೆಯುವುದರಿಂದ, ಹಾಸುವಾಗಲೇ ಅದೇ ಸುರುಳಿಯ ಒಂದಷ್ಟು ತುಂಡನ್ನು ತೆಗೆದಿಟ್ಟರೆ ಮುಂದೆ ತೇಪೆಗೆ ಬಣ್ಣ ಹೊಂದುತ್ತದೆ. ವಾರಕ್ಕೊಮ್ಮೆ ಬ್ರಷ್ ಮಾಡಿ ಎಳೆ ನಿಲ್ಲಿಸುವುದು, ಕಾಳನ್ನು ಸಮ ಮಾಡುವುದು, ಸೀಮು ಬಿಟ್ಟಲ್ಲಿ ಕೂಡಲೇ ಅಂಟಿಸುವುದು ಇವಿಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ನಿರ್ವಹಣೆಯ ದಾಖಲೆ ಇಲ್ಲದ ಅಂಗಳಕ್ಕೆ ಖಾತರಿ ನಡೆಸಿಕೊಡಲು ಮಾರಾಟಗಾರರು ಸುಲಭವಾಗಿ ಒಪ್ಪುವುದಿಲ್ಲ. ಖಾತರಿಯ ಪತ್ರವನ್ನೂ ಓದಬೇಕು: ಎಂಟು ವರ್ಷವೆಂದು ದೊಡ್ಡಕ್ಷರದಲ್ಲಿದ್ದರೂ, ವರ್ಷ ಕಳೆದಂತೆ ಪರಿಹಾರದ ಮೊತ್ತ ಇಳಿಯುವ ಷರತ್ತು ಒಳಗೆ ಇರಬಹುದು, ಹಾಸುವ ಕೂಲಿ ಅದರಲ್ಲಿ ಸೇರದಿರಬಹುದು.

ಆಮದು ಮಾಡುವವರು ಸುಂಕದ ಶೀರ್ಷಿಕೆಯನ್ನು ಗಮನಿಸಬೇಕು. ಟಫ್ಟಿಂಗ್ ಮಾಡಿದ ನೆಲಹಾಸುಗಳು 5703ರಲ್ಲಿ ಬರುತ್ತವೆ. 2022ರಲ್ಲಿ ಜಾಗತಿಕ ಸುಂಕ ವರ್ಗೀಕರಣ ಪರಿಷ್ಕೃತವಾದಾಗ ಕೃತಕ ಹುಲ್ಲಿಗೆ ಪ್ರತ್ಯೇಕ ಉಪಶೀರ್ಷಿಕೆ ಬಂದಿತು: ನೈಲಾನಿನದಕ್ಕೆ 5703.21, ಪಾಲಿಎಥಿಲೀನ್ ಮುಂತಾದ ಇತರ ಮಾನವನಿರ್ಮಿತ ನೂಲಿನದಕ್ಕೆ 5703.31. ಹಳೆಯ ಬಿಲ್ಲಿನ ಸಂಖ್ಯೆಯನ್ನೇ ನಕಲು ಮಾಡಿದರೆ ಬಂದರಿನಲ್ಲಿ ಸರಕು ನಿಲ್ಲುವ ಸಂಭವವಿದೆ.

ಇನ್ನುಳಿದದ್ದು ಹಳೆಯ ಹಾಸಿನ ವಿಲೇವಾರಿ. ದರಪಟ್ಟಿಗಳಲ್ಲಿ ಇದಕ್ಕೆ ಸಾಲೇ ಇರುವುದಿಲ್ಲ. ಪಾಲಿಎಥಿಲೀನ್ ಎಳೆ, ಪಾಲಿಪ್ರೊಪಿಲೀನ್ ಬಟ್ಟೆ, ಲೇಟೆಕ್ಸ್ ಲೇಪ ಇವು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಗುಜರಿಯವರು ಇದನ್ನು ಸುಲಭವಾಗಿ ಕೊಳ್ಳುವುದಿಲ್ಲ. ಮರಳು ಮತ್ತು ಕಾಳು ಸೇರಿ ಚದರ ಮೀಟರಿಗೆ 25 ಕಿಲೋ ಎಂದು ಹಿಡಿದರೂ, ಮೇಲೆ ಹೇಳಿದ ಸಣ್ಣ ಅಂಗಳದಿಂದಲೇ ಸುಮಾರು 14 ಟನ್ ಸಾಮಗ್ರಿ ಏಳುತ್ತದೆ; ಪೂರ್ಣ ಫುಟ್‌ಬಾಲ್ ಅಂಕಣದಿಂದ 200 ಟನ್‌ಗೆ ಸಮೀಪ. ಮರಳು ಮತ್ತು ಕಾಳನ್ನು ಮೊದಲು ಬೇರೆ ತೆಗೆದು, ಹಾಸನ್ನು ಸುರುಳಿ ಸುತ್ತಿ ಒಯ್ಯುವ ಯಂತ್ರಗಳು ಹೊರದೇಶಗಳಲ್ಲಿವೆ. ಇಲ್ಲಿ ಮೊದಲ ಅಲೆಯಲ್ಲಿ ಹಾಸಿದ ಅಂಗಳಗಳು ಬದಲಾವಣೆಯ ವಯಸ್ಸಿಗೆ ಬರುತ್ತಿರುವಾಗ, ಕಿತ್ತೊಯ್ಯುವ ದರವನ್ನೂ ಅದರ ಹೊಣೆ ಯಾರದೆಂಬುದನ್ನೂ ಹೊಸ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕಾಗಿದೆ. ಕಿತ್ತ ಹಾಸಿನಲ್ಲಿ ಇನ್ನೂ ಗಟ್ಟಿಯಿರುವ ಅಂಚಿನ ಪಟ್ಟಿಗಳು ಅಭ್ಯಾಸದ ನೆಟ್ಸ್‌ಗೆ, ಗೋದಾಮಿನ ನೆಲಕ್ಕೆ ಇನ್ನಷ್ಟು ವರ್ಷ ಬರುತ್ತವೆ.